ಬೆಳಗ್ಗೆ ಎದ್ದ ಕೂಡಲೇ ಸೀನು: ಕಾರಣ ಹುಡುಕಿಕೊಂಡು ಹೋದ ಕಥೆ

ಮೂಗು ಸೋರುವುದಕ್ಕೂ ಕಟ್ಟುವುದಕ್ಕೂ ಎಲ್ಲರಿಗೂ ಒಂದೇ ಕಾರಣ ಇರುವುದಿಲ್ಲ. ನಮ್ಮ ಮನೆಯವರನ್ನೇ ನೋಡಿ. ನನಗೆ ಬೆಳಗ್ಗೆ ಎದ್ದರೆ ಸೀನು. ಅಪ್ಪನಿಗೆ ಊಟಕ್ಕೆ ಕೂತರೆ ಮೂಗಲ್ಲಿ ನೀರು. ತಂಗಿಗೆ ಬಸುರಿಯಾದ ಮೇಲೆ ಮೂಗು ಕಟ್ಟಿತು. ಮೂವರಿಗೂ ನಮ್ಮ ಹತ್ತಿರ ಇದ್ದ ಔಷಧಿ ಮಾತ್ರ ಒಂದೇ, ಮೆಡಿಕಲ್ ಶಾಪಿನಲ್ಲಿ ಕತ್ತರಿಸಿ ಕೊಡುವ ನೆಗಡಿ ಮಾತ್ರೆ. ಮೂರೂ ಬೇರೆ ಬೇರೆ ತೊಂದರೆ ಅಂತ ಗೊತ್ತಾಗಿದ್ದು ನಾನು ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ, ಪರೀಕ್ಷೆ ಮಾಡಿಸಿಕೊಂಡು, ಚಿಕಿತ್ಸೆ ಶುರುಮಾಡಿದ ಮೇಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಪ್ರಾಣ ತೆಗೆಯುವ ಕಾಯಿಲೆ ಅಲ್ಲ, ನಿಜ. ಆದರೆ ನಿದ್ದೆ ಕೆಡಿಸುತ್ತದೆ, ಕೆಲಸ ಕೆಡಿಸುತ್ತದೆ, ಮಕ್ಕಳಿಗೆ ಬಂದರೆ ಓದು ಕೆಡಿಸುತ್ತದೆ. ಹಾಗಿದ್ದೂ ಇದಕ್ಕಾಗಿ ಡಾಕ್ಟರ ಹತ್ತಿರ ಹೋಗುವವರು ಕಡಿಮೆ.

ನನ್ನ ತವರು ತೀರ್ಥಹಳ್ಳಿ ಕಡೆ. ಈಗ ಇರುವುದು ಬೆಂಗಳೂರಿನಲ್ಲಿ, ಕೆಂಗೇರಿಯಿಂದ ಆಚೆ. ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ತೊಂದರೆ ಶುರುವಾಗಿ ವರ್ಷಗಳೇ ಆಗಿದ್ದವು. ಎದ್ದು ಹೊದಿಕೆ ಮಡಚುವ ಹೊತ್ತಿಗೆ ಮೊದಲು ಬಾಯಿಯ ಅಂಗಳ ತುರಿಸುತ್ತಿತ್ತು, ಆಮೇಲೆ ಕಣ್ಣಿನ ಮೂಲೆ. ಅದರ ಹಿಂದೆಯೇ ಸೀನು, ಒಂದಾದ ಮೇಲೆ ಒಂದು, ಉಸಿರು ಎಳೆದುಕೊಳ್ಳಲೂ ಪುರಸೊತ್ತಿಲ್ಲದ ಹಾಗೆ. ಮೂಗಿಂದ ನೀರು, ಥೇಟ್ ನಲ್ಲಿ ನೀರಿನ ಹಾಗೆ ತೆಳ್ಳಗೆ. ಹತ್ತು ಗಂಟೆ ಹೊತ್ತಿಗೆ ಎಲ್ಲ ತಣ್ಣಗಾಗುತ್ತಿತ್ತು. ರಾತ್ರಿ ಮಲಗಿದರೆ ಮತ್ತೆ ಮೂಗು ಕಟ್ಟುತ್ತಿತ್ತು. ಬಾಯಲ್ಲಿ ಉಸಿರಾಡಿ ಗಂಟಲು ಒಣಗುತ್ತಿತ್ತು. ಎಂಟು ಗಂಟೆ ಮಲಗಿ ಎದ್ದರೂ ನಿದ್ದೆ ಮಾಡಿದ ಹಾಗೆ ಇರುತ್ತಿರಲಿಲ್ಲ.

ಕಾರಣ ಹೇಳುವವರಿಗೇನೂ ಬರ ಇರಲಿಲ್ಲ. "ತಲೆಗೆ ಹಾಕ್ಕೊಂಡು ಸರಿಯಾಗಿ ಒರೆಸ್ಕೊಳ್ಳಲ್ಲ ನೀನು" ಅಂತ ಅತ್ತೆ. ಮೊಸರು ಬಿಡಿ ಅಂತ ಪಕ್ಕದ ಮನೆಯವರು. ಲೈಬ್ರರಿಯಲ್ಲಂತೂ ಎಲ್ಲರದ್ದೂ ಒಂದೇ ಮಾತು, ಹಳೇ ಪುಸ್ತಕದ ಧೂಳು. ಅದು ನನಗೂ ಸರಿ ಅನ್ನಿಸಿತ್ತು. ಅಮ್ಮ ಊರಿಂದ ಕಾಳುಮೆಣಸು, ಒಣಶುಂಠಿ ಕುಟ್ಟಿ ಡಬ್ಬಿಯಲ್ಲಿ ಕಳಿಸಿದ್ದಳು. ಕಷಾಯ ಕುಡಿದಾಗ ಗಂಟಲಿಗೆ ಹಿತ ಆಗುತ್ತಿತ್ತು, ದೊಡ್ಡಪತ್ರೆ ಹಾಕಿ ಆವಿ ತೆಗೆದುಕೊಂಡಾಗ ಸ್ವಲ್ಪ ಹೊತ್ತು ಉಸಿರು ಸಲೀಸಾಗುತ್ತಿತ್ತು. ಮಾರನೇ ದಿನ ಮತ್ತೆ ಅದೇ.

ಡಾಕ್ಟರ್ ನಮ್ಮ ಏರಿಯಾದ ಕ್ಲಿನಿಕ್ಕಿನವರೇ, ನಡುವಯಸ್ಸಿನ ಹೆಣ್ಣುಮಗಳು. ಹೋದ ಕೂಡಲೇ ಮೂಗಿಗೆ ಟಾರ್ಚ್ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲು ಪೆನ್ನು ಹಿಡಿದುಕೊಂಡು ಕೂತರು. ನೀರು ತೆಳ್ಳಗಾ, ಗಟ್ಟಿಯಾ? ಎರಡೂ ಕಡೆಯಾ, ಒಂದೇ ಕಡೆಯಾ? ತುರಿಕೆ ಇದೆಯಾ? ಜ್ವರ, ಮೈಕೈ ನೋವು? ವಾಸನೆ ಗೊತ್ತಾಗುತ್ತಾ? ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಅನ್ನುವ ಶಬ್ದ? ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದೆಯಾ? ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಏನಾದರೂ ತಗೋತೀರಾ? ಮೂಗಿಗೆ ಡ್ರಾಪ್ಸ್ ಹಾಕ್ತೀರಾ? ಹಾಸಿಗೆ ಹತ್ತಿಯದ್ದಾ, ಎಷ್ಟು ಹಳೇದು? ಬೆಕ್ಕು, ನಾಯಿ ಇವೆಯಾ? ಅಡುಗೆಮನೆಯಲ್ಲಿ ಜಿರಲೆ?

ನಾನು ಲೈಬ್ರರಿ ಧೂಳಿನ ವಿಷಯ ಎತ್ತಿದೆ. ಅವರು ತಲೆಯೆತ್ತಿ ನೋಡಿ ಕೇಳಿದರು: "ಭಾನುವಾರ ಬೆಳಗ್ಗೆ ಸೀನು ಬರಲ್ವಾ?"

ಬರುತ್ತದೆ. ಭಾನುವಾರ ತಡವಾಗಿ ಏಳುವುದರಿಂದ ಇನ್ನೂ ಜಾಸ್ತಿಯೇ ಬರುತ್ತದೆ. ಊರಿಗೆ ಹೋದಾಗ, ಅದೂ ಮಳೆಗಾಲದಲ್ಲಿ, ಕಪಾಟಿನಿಂದ ಕಂಬಳಿ ತೆಗೆದುಕೊಟ್ಟರಂತೂ ಆ ರಾತ್ರಿ ಕಥೆ ಮುಗಿದ ಹಾಗೆ. ಇದನ್ನೆಲ್ಲ ಹೇಳುತ್ತಾ ಹೋದ ಹಾಗೆ ಕಾರಣ ಲೈಬ್ರರಿಯಲ್ಲಿ ಇಲ್ಲ, ಮಲಗುವ ಕೋಣೆಯಲ್ಲಿದೆ ಅಂತ ನನಗೇ ಅನ್ನಿಸತೊಡಗಿತು. ಅವರು ಕೇಳಿದ ಪ್ರಶ್ನೆಗಳಿಗೇ ಅರ್ಧ ಉತ್ತರ ಸಿಕ್ಕಿತ್ತು.

ಆಮೇಲೆ ಮೂಗು ನೋಡಿದರು. ಔಷಧಿಯಲ್ಲಿ ನೆನೆಸಿದ ಹತ್ತಿಯನ್ನು ಎರಡೂ ಹೊಳ್ಳೆಯಲ್ಲಿ ಸ್ವಲ್ಪ ಹೊತ್ತು ಇಟ್ಟರು. ಹಲ್ಲಿನ ಡಾಕ್ಟರ್ ಇಂಜೆಕ್ಷನ್ ಕೊಟ್ಟಾಗ ಆಗುವ ಹಾಗೆ ಮೇಲ್ದುಟಿ, ಗಂಟಲು ಜೋಮು ಹಿಡಿದವು. ನಂತರ ತೆಳ್ಳನೆ ಎಂಡೋಸ್ಕೋಪ್ ಒಳಗೆ ಬಿಟ್ಟು ಪರದೆಯ ಮೇಲೆ ತೋರಿಸಿದರು. ನೋವಿಲ್ಲ, ಒಂಥರಾ ಒತ್ತಿದ ಹಾಗೆ, ಕಣ್ಣಲ್ಲಿ ನೀರು ಬಂತು ಅಷ್ಟೇ. ಮೂಗಿನ ಪಕ್ಕದ ಗೋಡೆಯಿಂದ ಒಳಕ್ಕೆ ಚಾಚಿಕೊಂಡ ಮಡಿಕೆಗಳಿರುತ್ತವೆ, ಟರ್ಬಿನೇಟ್ ಅನ್ನುತ್ತಾರೆ. ನಾವು ಎಳೆದ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ ಶ್ವಾಸಕೋಶಕ್ಕೆ ಕಳಿಸುವುದು ಅವುಗಳ ಕೆಲಸ. ಆರೋಗ್ಯವಾಗಿದ್ದರೆ ಅವು ಗುಲಾಬಿ ಬಣ್ಣಕ್ಕಿರುತ್ತವೆ. ನನ್ನವು ಬಿಳಚಿಕೊಂಡು, ಸ್ವಲ್ಪ ನೀಲಿಗೆ ತಿರುಗಿ, ನೀರು ತುಂಬಿಕೊಂಡ ಹಾಗೆ ಊದಿದ್ದವು. ಗಾಳಿ ಹೋಗಲು ಇದ್ದದ್ದು ಒಂದು ಸಣ್ಣ ಸಂದಿ. ಸೋಂಕಾಗಿದ್ದರೆ ಕೆಂಪಗಿರುತ್ತಿತ್ತು, ಗಟ್ಟಿ ಕೀವಿನಂಥದ್ದು ಕಾಣುತ್ತಿತ್ತು, ಇದು ಅಲರ್ಜಿಯ ಬಣ್ಣ ಅಂದರು. ನಡುವಿನ ಗೋಡೆ ಸ್ವಲ್ಪ ಡೊಂಕಾಗಿತ್ತು. ಆಪರೇಷನ್ ಬೇಕಾ ಅಂತ ನಾನು ಗಾಬರಿಯಿಂದ ಕೇಳಿದ್ದಕ್ಕೆ, "ಅಷ್ಟಿಷ್ಟು ಡೊಂಕು ತುಂಬಾ ಜನಕ್ಕಿರುತ್ತೆ. ಮೊದಲು ಊತ ಇಳಿಸೋಣ" ಅಂದರು.

ಮಲಗಿದಾಗ ಒಮ್ಮೆ ಎಡಹೊಳ್ಳೆ, ಒಮ್ಮೆ ಬಲಹೊಳ್ಳೆ ಕಟ್ಟುವುದು ಯಾಕೆ ಅಂತಲೂ ಕೇಳಿದೆ. ಅದು ಎಲ್ಲರಲ್ಲೂ ನಡೆಯುವುದೇ ಅಂತೆ. ಕೆಲವು ಗಂಟೆಗೊಮ್ಮೆ ಒಂದು ಕಡೆಯ ಮಡಿಕೆಗೆ ರಕ್ತ ಹೆಚ್ಚಾಗಿ ಹರಿದು ಅದು ಉಬ್ಬುತ್ತದೆ, ಇನ್ನೊಂದು ಕಡೆಯದ್ದು ಇಳಿಯುತ್ತದೆ. ಮೂಗು ಸರಿ ಇದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ಮೊದಲೇ ಊದಿಕೊಂಡವರಿಗೆ ಉಬ್ಬಿದ ಕಡೆ ಪೂರ್ತಿ ಬಂದ್.

ಮೂಗಿನ ಒಳಪೊರೆ ಕೆರಳಿ ಊದಿಕೊಳ್ಳುವುದಕ್ಕೆ ಡಾಕ್ಟರು ರೈನೈಟಿಸ್ ಅನ್ನುತ್ತಾರೆ. ಅದರಲ್ಲಿ ಎಷ್ಟು ಬಗೆ ಇದೆ ಅಂತ ನನಗೆ ಅರ್ಥವಾಗಿದ್ದು ಆ ಒಂದು ಭೇಟಿಯಲ್ಲಲ್ಲ, ಮುಂದೆ ಒಬ್ಬೊಬ್ಬರ ವಿಷಯ ಕೇಳಿದ ಹಾಗೆ. ವೈರಸ್ಸಿನಿಂದ ಬರುವ ಮಾಮೂಲಿ ನೆಗಡಿಯೂ ಇದೇ ಗುಂಪಿನದು. ಆದರೆ ಅದು ವಾರ, ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಶುರುವಿನಲ್ಲಿ ತೆಳ್ಳಗಿದ್ದ ಸಿಂಬಳ ಆಮೇಲೆ ಹಳದಿ, ಹಸಿರು ಆಗುತ್ತದೆ. ಬಣ್ಣ ಬಂದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕಾಗಿಲ್ಲ. ಈ ಮಾತನ್ನು ಅವರು ಎರಡು ಸಲ ಒತ್ತಿ ಹೇಳಿದರು. ವೈರಸ್ ಮೇಲೆ ಆ ಮಾತ್ರೆ ಕೆಲಸವೇ ಮಾಡುವುದಿಲ್ಲ.

ಅಲರ್ಜಿಯದ್ದು ಬೇರೆ ದಾರಿ. ಯಾವುದೋ ಒಂದು ವಸ್ತು, ಪರಾಗವೋ ಹಾಸಿಗೆ ಧೂಳಿನಲ್ಲಿರುವ ನುಸಿ ಅನ್ನುವ ಸಣ್ಣ ಜೀವಿಯೋ, ಅದನ್ನು ನಮ್ಮ ಮೈ ಶತ್ರು ಅಂತ ತಿಳಿದುಕೊಂಡು ಅದಕ್ಕೇ ಅಂತ ಐಜಿಇ ಅನ್ನುವ ಪ್ರತಿಕಾಯ ತಯಾರಿಸುತ್ತದೆ. ಅದು ಮೂಗಿನ ಪೊರೆಯಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಮತ್ತೆ ಅದೇ ವಸ್ತು ಬಂದರೆ ಆ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತವೆ. ನಿಮಿಷಗಳಲ್ಲಿ ತುರಿಕೆ, ಸೀನು, ನೀರು. ಕೆಲವು ಗಂಟೆ ಕಳೆದ ಮೇಲೆ ಎರಡನೇ ಅಲೆ ಬರುತ್ತದೆ, ಅದರಲ್ಲಿ ಸೀನಿಗಿಂತ ಕಟ್ಟುವುದೇ ಜಾಸ್ತಿ. ನನಗೆ ಒಮ್ಮೆ ಸೀನು, ಒಮ್ಮೆ ಬಂದ್ ಅಂತ ಆಗುತ್ತಿದ್ದದ್ದಕ್ಕೆ ಕಾರಣ ಇದು.

ವಾರಕ್ಕೆ ನಾಲ್ಕು ದಿನ ಅಥವಾ ಹೆಚ್ಚು, ಅದೂ ನಾಲ್ಕು ವಾರಕ್ಕಿಂತ ಜಾಸ್ತಿ ಇದ್ದರೆ ಅದನ್ನು ಪಟ್ಟು ಹಿಡಿದ ಅಲರ್ಜಿ ಅಂತ ಲೆಕ್ಕ ಹಾಕುತ್ತಾರೆ. ನಿದ್ದೆ, ಕೆಲಸ ಕೆಡಿಸುವಷ್ಟಿದ್ದರೆ ಅದು ಸೌಮ್ಯ ಅಲ್ಲ. ನಾನು ಎರಡರಲ್ಲೂ ಮೇಲಿನ ಸಾಲಿನಲ್ಲಿದ್ದೆ. ಯಾವುದಕ್ಕೆ ಅಲರ್ಜಿ ಅಂತ ನೋಡಲು ಚರ್ಮದ ಪರೀಕ್ಷೆ ಮಾಡೋಣ ಅಂದರು. ಒಂದು ಕಂಡೀಷನ್: ಪರೀಕ್ಷೆಗೆ ಮುಂಚೆ ಸುಮಾರು ಒಂದು ವಾರ ಸೆಟಿರಿಜಿನ್ ಥರದ ಯಾವ ಅಲರ್ಜಿ ಮಾತ್ರೆಯನ್ನೂ ನುಂಗಬಾರದು. ಮಾತ್ರೆ ಮೈಯಲ್ಲಿದ್ದರೆ ಚರ್ಮ ಏಳಬೇಕಾದ ಕಡೆ ಏಳುವುದಿಲ್ಲ, ಪರೀಕ್ಷೆ ಸುಳ್ಳು ಹೇಳುತ್ತದೆ. ಆ ವಾರ ಕಷ್ಟ ಆಯಿತು. ಕರವಸ್ತ್ರ ಸಾಲದೆ ಹಳೇ ಪಂಚೆ ಹರಿದು ಇಟ್ಟುಕೊಂಡಿದ್ದೆ.

ಪರೀಕ್ಷೆಯ ದಿನ ಮುಂಗೈಯ ಒಳಭಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿದರು. ಪೆನ್ನಲ್ಲಿ ಎರಡು ಸಾಲು ನಂಬರ್ ಬರೆದರು. ಪ್ರತಿ ನಂಬರಿನ ಪಕ್ಕ ಒಂದೊಂದು ಹನಿ ದ್ರವ: ನುಸಿ, ಜಿರಲೆ, ಬೂಷ್ಟು, ಬೆಕ್ಕು, ನಾಯಿ, ಹುಲ್ಲಿನ ಪರಾಗ, ಪಾರ್ಥೇನಿಯಂ ಹೀಗೆ. ಜೊತೆಗೆ ಎರಡು ಬೇರೆ ಹನಿ. ಒಂದು ಬರೀ ಉಪ್ಪುನೀರು, ಅದು ಏಳಬಾರದು. ಇನ್ನೊಂದು ಹಿಸ್ಟಮಿನ್, ಅದು ಏಳಲೇಬೇಕು. ಈ ಎರಡು ಸರಿ ಇದ್ದರೆ ಮಾತ್ರ ಉಳಿದದ್ದನ್ನು ನಂಬಬಹುದು. ಆಮೇಲೆ ಪ್ರತಿ ಹನಿಯ ಮೇಲೆ ಹೊಸ ಮೊನೆಯಿಂದ ಮೆಲ್ಲಗೆ ಚುಚ್ಚಿದರು. ರಕ್ತ ಬರುವುದಿಲ್ಲ, ಚರ್ಮದ ಮೇಲ್ಪದರ ಅಷ್ಟೇ. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಸಿದ್ಧ ಇಟ್ಟಿದ್ದರು. ಅಪರೂಪಕ್ಕೆ ಯಾರಿಗಾದರೂ ಮೈಯೆಲ್ಲ ರಿಯಾಕ್ಷನ್ ಆದರೆ ಬೇಕಾಗುತ್ತದೆ. ಅದನ್ನು ನೋಡಿ ನನಗೆ ಹೆದರಿಕೆಗಿಂತ ಧೈರ್ಯವೇ ಬಂತು.

ಹದಿನೈದು, ಇಪ್ಪತ್ತು ನಿಮಿಷ ಕಾಯಬೇಕು, ತುರಿಸಬಾರದು. ಕೂತಿದ್ದಾಗ ಡಾಕ್ಟರು ಈ ಪರೀಕ್ಷೆಯ ಹಳೇ ಕಥೆ ಹೇಳಿದರು. 1819ರಲ್ಲಿ ಜಾನ್ ಬೋಸ್ಟಾಕ್ ಅನ್ನುವ ಇಂಗ್ಲೆಂಡಿನ ವೈದ್ಯರು ಪ್ರತಿ ಬೇಸಿಗೆ ತಮಗೇ ಆಗುತ್ತಿದ್ದ ಕಣ್ಣು ಮೂಗಿನ ತೊಂದರೆಯನ್ನು ಬರೆದಿಟ್ಟರು. ಚಾರ್ಲ್ಸ್ ಬ್ಲ್ಯಾಕ್ಲಿ ಅನ್ನುವ ಇನ್ನೊಬ್ಬ ವೈದ್ಯರು ಮ್ಯಾಂಚೆಸ್ಟರಿನಲ್ಲಿದ್ದರು, ಅವರಿಗೂ ಇದೇ ಕಾಯಿಲೆ. ಅವರು ತಮ್ಮ ಕೈಯ ಚರ್ಮ ಕೆರೆದು, ಅದರ ಮೇಲೆ ಹುಲ್ಲಿನ ಪರಾಗ ಇಟ್ಟು, ಅದು ಊದುವುದನ್ನು ನೋಡಿ ಪರಾಗವೇ ಕಾರಣ ಅಂತ ತೋರಿಸಿದರು. 1873ರಲ್ಲಿ ಅದನ್ನು ಪ್ರಕಟಿಸಿದರು. ತನ್ನ ಮೂಗಿನ ಕಾಟ ಸಹಿಸುತ್ತಾ ಕೂರದೆ, ತನ್ನದೇ ಕೈ ಮೇಲೆ ಪ್ರಯೋಗ ಮಾಡಿಕೊಂಡ ಆ ಮನುಷ್ಯನ ಮೇಲೆ ನನಗೆ ತುಂಬಾ ಗೌರವ ಬಂತು.

ಅಷ್ಟರಲ್ಲಿ ಕೈ ಉತ್ತರ ಕೊಡತೊಡಗಿತ್ತು. ಸೊಳ್ಳೆ ಕಚ್ಚಿದಂಥ ದದ್ದು, ಸುತ್ತ ಕೆಂಪು. ಪಾರದರ್ಶಕ ಸ್ಕೇಲ್ ಇಟ್ಟು ಅಳೆದರು. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಎದ್ದರೆ ಪಾಸಿಟಿವ್. ನನ್ನದರಲ್ಲಿ ನುಸಿಯದ್ದು ಹಿಸ್ಟಮಿನ್ ದದ್ದಿಗಿಂತ ದೊಡ್ಡದಾಗಿತ್ತು. ಎರಡನೇದು ಪಾರ್ಥೇನಿಯಂ. ಬೆಕ್ಕು, ನಾಯಿ, ಜಿರಲೆ, ಬೂಷ್ಟು ಏನೂ ಇಲ್ಲ. ದದ್ದು ಎದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ, ನಾವು ಅನುಭವಿಸುವ ಲಕ್ಷಣಕ್ಕೂ ಅದಕ್ಕೂ ತಾಳೆ ಆಗಬೇಕು ಅಂದರು. ನನ್ನ ವಿಷಯದಲ್ಲಿ ತಾಳೆ ಆಯಿತು. ಚರ್ಮದ ಕಾಯಿಲೆ ಇರುವವರಿಗೆ, ಮಾತ್ರೆ ಬಿಡಲಾಗದವರಿಗೆ ರಕ್ತದಲ್ಲೇ ಒಂದೊಂದು ವಸ್ತುವಿಗೂ ಐಜಿಇ ನೋಡುವ ಪರೀಕ್ಷೆ ಇದೆ. ಒಟ್ಟು ಐಜಿಇ ಮಾತ್ರ ನೋಡುವ ಪರೀಕ್ಷೆಯಿಂದ ಯಾವುದಕ್ಕೆ ಅಲರ್ಜಿ ಅಂತ ತಿಳಿಯುವುದಿಲ್ಲ.

ಡಸ್ಟ್ ಮೈಟ್, ಅಂದರೆ ಈ ನುಸಿ, ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುತ್ತದೆ. ಬರಿಗಣ್ಣಿಗೆ ಸಿಗುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಊಟ. ಹಾಸಿಗೆ, ದಿಂಬು, ಕಂಬಳಿ ಅದರ ಮನೆ. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಅಲರ್ಜಿ ಮಾಡುವುದು ಮುಖ್ಯವಾಗಿ ಅದರ ಹಿಕ್ಕೆ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಮಲೆನಾಡಿನ ಮಳೆಗಾಲ ಅದಕ್ಕೆ ಹಬ್ಬ. ಮಳೆಗಾಲದಲ್ಲಿ ತವರಿನ ಕಂಬಳಿ ನನಗೆ ಯಾಕೆ ಆಗುತ್ತಿರಲಿಲ್ಲ ಅಂತ ಅವತ್ತು ತಿಳಿಯಿತು.

ಪಾರ್ಥೇನಿಯಂ ಅಂದರೆ ನಾವೆಲ್ಲ ಕರೆಯುವ ಕಾಂಗ್ರೆಸ್ ಗಿಡ. ನಮ್ಮ ಮನೆ ಎದುರು ಖಾಲಿ ಸೈಟಿನ ತುಂಬ ಅದೇ. ಇದು ಅಮೆರಿಕ ಖಂಡದ ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಆಮದು ಗೋಧಿಯ ಜೊತೆ ಬಂತು ಅನ್ನುತ್ತಾರೆ. ಬೆಂಗಳೂರಿನಲ್ಲಿ ಇದರ ಪರಾಗದಿಂದ ಮೂಗಿನ ಅಲರ್ಜಿ ಆಗುತ್ತದೆ ಅಂತ ಇಲ್ಲಿನ ವಿಜ್ಞಾನಿಗಳೇ ತೋರಿಸಿದ್ದಾರೆ. ಕೆಲವರಿಗೆ ಚರ್ಮಕ್ಕೂ ಆಗುತ್ತದೆ, ಮುಖ ಕುತ್ತಿಗೆಯೆಲ್ಲ ಕಪ್ಪಗಾಗಿ ದಪ್ಪಗಾಗುತ್ತದೆ. ಗಿಡ ತಿನ್ನಲಿ ಅಂತ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ಬಿಳಿ ಹಳದಿ ಬೆನ್ನ ಮೇಲೆ ಕಂದು ಗೆರೆ ಇರುವ ಆ ಹುಳವನ್ನು ಈಗಲೂ ಮಳೆಗಾಲದಲ್ಲಿ ನಮ್ಮ ಎದುರು ಸೈಟಿನಲ್ಲಿ ನೋಡುತ್ತೇನೆ. ಎಲೆಯನ್ನೆಲ್ಲ ಜರಡಿ ಮಾಡಿರುತ್ತದೆ. ಗಿಡ ಮಾತ್ರ ಮತ್ತೆ ಬರುತ್ತದೆ. ಹೂ ಬಿಡುವ ಮುಂಚೆ ಕಿತ್ತು ಹಾಕುವುದೇ ಸರಿ. ಅಲರ್ಜಿ ಇಲ್ಲದವರು ಗ್ಲೌಸ್, ಮಾಸ್ಕ್ ಹಾಕಿಕೊಂಡು ಕೀಳಬೇಕು. ನಮ್ಮ ರಸ್ತೆಯಲ್ಲಿ ಆ ಕೆಲಸ ನನ್ನ ಗಂಡ ಮತ್ತು ಎದುರು ಮನೆಯ ಹುಡುಗರು ಮಾಡಿದರು.

ಚಿಕಿತ್ಸೆ ಶುರುವಾಗಿದ್ದು ಮೂಗು ತೊಳೆಯುವುದರಿಂದ. ಜಲನೇತಿ ಗೊತ್ತಿದ್ದವರಿಗೆ ಇದು ಹೊಸದಲ್ಲ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಲೀಟರಿಗೆ 9 ಗ್ರಾಂ ಲೆಕ್ಕ. ಬೇಕಿದ್ದರೆ ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೂ ಉರಿಯುತ್ತದೆ, ಜಾಸ್ತಿಯಾದರೂ ಉರಿಯುತ್ತದೆ. ಸರಿ ಇದ್ದರೆ ಒಂದು ಹೊಳ್ಳೆಯಿಂದ ಹೋಗಿ ಇನ್ನೊಂದರಿಂದ ಬಂದಿದ್ದೇ ಗೊತ್ತಾಗುವುದಿಲ್ಲ. ನೀರು ಮಾತ್ರ ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಬೇಕು. ಇದರಲ್ಲಿ ಯಾರೂ ಉದಾಸೀನ ಮಾಡಬೇಡಿ. ಬೆಚ್ಚಗಿನ ಸಿಹಿನೀರಿನಲ್ಲಿರುವ ನೇಗ್ಲೇರಿಯಾ ಅನ್ನುವ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಕುದಿಸದ ನಲ್ಲಿ ನೀರಲ್ಲಿ ಮೂಗು ತೊಳೆದುಕೊಂಡ ಇಬ್ಬರು ಇದರಿಂದ ತೀರಿಕೊಂಡರು. ಕುಡಿದರೆ ಏನೂ ಮಾಡದ ನೀರು ಮೂಗಿಗೆ ಹೋದರೆ ಅಪಾಯ ಆಗಬಹುದು.

ತೊಳೆದ ಮೇಲೆ ಸ್ಪ್ರೇ. ಮೊಮೆಟಾಸೋನ್ ಅನ್ನುವ ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟಿದ್ದರು. ಫೋನಲ್ಲಿ ಅಮ್ಮನಿಗೆ ಹೇಳಿದ್ದೇ ತಡ, "ಸ್ಟಿರಾಯ್ಡಾ? ಬೇಡ ಮಾರಾಯ್ತಿ, ಮೈಯೆಲ್ಲ ಊದ್ಕೊಳ್ತದೆ" ಅಂದಳು. ಅವಳ ಹೆದರಿಕೆ ಸುಮ್ಮನೆ ಬಂದದ್ದಲ್ಲ. ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿ ತೊಂದರೆಪಟ್ಟವರನ್ನು ಅವಳು ನೋಡಿದ್ದಾಳೆ. ಅದನ್ನೇ ಡಾಕ್ಟರಿಗೂ ಹೇಳಿದೆ. ಈ ಸ್ಪ್ರೇಯಲ್ಲಿ ಒಂದು ಸಲಕ್ಕೆ ಹೋಗುವುದು ಮೈಕ್ರೋಗ್ರಾಂ ಲೆಕ್ಕದ ಔಷಧಿ, ಅದು ಮೂಗಿನ ಪೊರೆಯ ಮೇಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ ಅಂತ ಬಿಡಿಸಿ ಹೇಳಿದರು. ಪಟ್ಟು ಹಿಡಿದ ಅಲರ್ಜಿಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಇದೇ ಅಂತೆ. ಆದರೆ ಹೊಡೆದ ಕೂಡಲೇ ಮೂಗು ತೆರೆಯುವುದಿಲ್ಲ. ದಿನಾ ಹಾಕಬೇಕು, ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ಎರಡು ದಿನ ಹಾಕಿ ಪ್ರಯೋಜನ ಇಲ್ಲ ಅಂತ ಎಷ್ಟೋ ಜನ ಬಿಡುವುದು ಇಲ್ಲೇ.

ಹಾಕುವ ರೀತಿಯನ್ನು ನರ್ಸ್ ಎದುರಿಗೇ ಮಾಡಿಸಿ ನೋಡಿದರು. ಬಾಟಲಿ ಅಲ್ಲಾಡಿಸಬೇಕು. ಹೊಸದಾದರೆ ಗಾಳಿಯಲ್ಲಿ ಕೆಲವು ಸಲ ಒತ್ತಿ ಮಂಜಿನ ಹಾಗೆ ಬರುವಂತೆ ಮಾಡಿಕೊಳ್ಳಬೇಕು. ತಲೆ ಹಿಂದಕ್ಕೆ ಎತ್ತಬಾರದು, ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಎಡಹೊಳ್ಳೆಗೆ ಬಲಗೈಯಲ್ಲಿ, ಬಲಹೊಳ್ಳೆಗೆ ಎಡಗೈಯಲ್ಲಿ. ಹಾಗೆ ಹಿಡಿದರೆ ತುದಿ ತಾನಾಗಿ ಕಿವಿಯ ಕಡೆ ತಿರುಗುತ್ತದೆ. ನಡುವಿನ ಗೋಡೆಗೆ ಹೊಡೆದರೆ ಅಲ್ಲಿ ಒಣಗಿ ರಕ್ತ ಬರುತ್ತದೆ. ಒತ್ತುವಾಗ ಮೆಲ್ಲಗೆ ಉಸಿರು ಎಳೆದುಕೊಂಡರೆ ಸಾಕು. ಜೋರಾಗಿ ಸೇದಿದರೆ ಔಷಧಿ ಗಂಟಲಿಗೆ ಹೋಗುತ್ತದೆ, ಕಹಿಯಾಗುತ್ತದೆ, ಮೂಗಿಗೆ ಏನೂ ಸಿಗುವುದಿಲ್ಲ. ಹಾಕಿದ ಕೂಡಲೇ ಸೀಟಬಾರದು.

ಸೀನು, ತುರಿಕೆ ಜಾಸ್ತಿ ಇದ್ದ ದಿನಕ್ಕೆ ಫೆಕ್ಸೊಫೆನಡಿನ್ ಮಾತ್ರೆ. ಸೆಟಿರಿಜಿನ್ ನುಂಗಿದರೆ ನನಗೆ ಮಧ್ಯಾಹ್ನದವರೆಗೂ ತೂಕಡಿಕೆ. ಇದರಲ್ಲಿ ಅದು ಇಲ್ಲ. ಹಣ್ಣಿನ ರಸದ ಜೊತೆ ಮಾತ್ರ ತಗೋಬೇಡಿ, ಮೈಗೆ ಹಿಡಿಯುವುದು ಕಡಿಮೆಯಾಗುತ್ತದೆ. ಮಾಂಟೆಲುಕಾಸ್ಟ್ ಸೇರಿದ ಮಾತ್ರೆ ನನಗೆ ಬರೆಯಲಿಲ್ಲ. ಕೆಲವರಲ್ಲಿ ಅದರಿಂದ ಮನಸ್ಸಿನ ಏರುಪೇರು, ಕೆಟ್ಟ ಕನಸು ಬರಬಹುದು ಅಂತ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಬಲವಾದ ಎಚ್ಚರಿಕೆ ಕೊಟ್ಟಿದ್ದಾರೆ. ಅಸ್ತಮಾ ಇರುವವರ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು. ನನಗೆ ಅಸ್ತಮಾ ಇದೆಯಾ ಅಂತಲೂ ಊದಿಸಿ ನೋಡಿದರು. ಮೂಗಿನ ಅಲರ್ಜಿ ಇರುವವರಲ್ಲಿ ಅಸ್ತಮಾ ಹೆಚ್ಚು ಕಾಣುತ್ತದೆ, ಮೂಗು ಹದಕ್ಕೆ ಬಂದರೆ ಅದೂ ಹದಕ್ಕೆ ಬರಲು ಸಹಾಯವಾಗುತ್ತದೆ. ನನ್ನದು ಸರಿ ಇತ್ತು.

ಮನೆಯಲ್ಲಿ ಮಾಡಿದ ಕೆಲಸ ಹೆಚ್ಚು ಮೈಮುರಿಯುವಂಥದ್ದು. ಮದುವೆಯಲ್ಲಿ ಕೊಟ್ಟಿದ್ದ ಹತ್ತಿ ಹಾಸಿಗೆಯನ್ನು ಕೊನೆಗೂ ಬಿಟ್ಟೆವು. ಹೊಸದಕ್ಕೂ ದಿಂಬಿಗೂ ಒತ್ತಾಗಿ ನೇಯ್ದ, ಜಿಪ್ ಇರುವ ಕವರ್. ಬೆಡ್‌ಶೀಟ್, ದಿಂಬಿನ ಚೀಲ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ. ತಣ್ಣೀರಲ್ಲಿ ನುಸಿ ಸಾಯುವುದಿಲ್ಲ. ಕಂಬಳಿ ಕಪಾಟಿಂದ ನೇರವಾಗಿ ಮೈಮೇಲೆ ಬರುವಂತಿಲ್ಲ. ಪೊರಕೆ ಬದಲು ಒದ್ದೆ ಬಟ್ಟೆ. ಬೆಳಗ್ಗೆ ಹೊದಿಕೆ ಕೊಡವುವ ಕೆಲಸ ಗಂಡನದ್ದು. ಬರೀ ಕವರ್ ಹಾಕಿ ಕೂತರೆ ಸಾಲದು, ಅದೊಂದರಿಂದ ಮೂಗಿನ ತೊಂದರೆ ಕಡಿಮೆಯಾಗಲ್ಲ, ಎಲ್ಲ ಸೇರಿಸಿ ಮಾಡಬೇಕು ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಮೊಸರು ಮತ್ತೆ ಊಟಕ್ಕೆ ಬಂತು. ಅದಕ್ಕೂ ನನ್ನ ಸೀನಿಗೂ ಸಂಬಂಧವೇ ಇರಲಿಲ್ಲ.

ಮೂರನೇ ವಾರದ ಹೊತ್ತಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಯಿತು. ಮೊದಲು ಸುಧಾರಿಸಿದ್ದು ನಿದ್ದೆ. ಆಮೇಲೆ ವಾಸನೆ. ಅಡುಗೆಮನೆಯಲ್ಲಿ ಒಗ್ಗರಣೆಗೆ ಇಂಗು ಬಿದ್ದದ್ದು ಹಾಲ್‌ಗೆ ಬಂತು. ಇಷ್ಟು ದಿನ ಮೂಗು ಅಷ್ಟನ್ನೂ ಬಿಟ್ಟುಕೊಟ್ಟಿತ್ತು ಅಂತ ಗೊತ್ತಾಗಿದ್ದು ಅದು ವಾಪಸ್ ಬಂದ ಮೇಲೆ.

ಈಗ ಅಪ್ಪನ ವಿಷಯ. ಬಿಸಿ ಸಾರು, ಖಾರ ಇದ್ದರೆ ಅವರ ಮೂಗಿಂದ ನೀರು. ಸೀನಿಲ್ಲ, ತುರಿಕೆ ಇಲ್ಲ. ಇದು ಅಲರ್ಜಿ ಅಲ್ಲ. ಮೂಗಿನ ನರಗಳು ಬಿಸಿಗೆ, ಖಾರಕ್ಕೆ ಅತಿಯಾಗಿ ಸ್ಪಂದಿಸುವುದು, ವಯಸ್ಸಾದವರಲ್ಲಿ ಜಾಸ್ತಿ. ಇದೇ ಜಾತಿಯ ಇನ್ನೊಂದಿದೆ, ಎಸಿ ಕೋಣೆಗೆ ಹೋದರೆ, ಅಗರಬತ್ತಿ, ಸೆಂಟು, ಪೇಂಟ್ ವಾಸನೆ ಬಂದರೆ ಮೂಗು ಕಟ್ಟುವುದು ಅಥವಾ ಸೋರುವುದು. ಅಂಥವರಿಗೆ ಅಲರ್ಜಿ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಅಪ್ಪನಿಗೆ ಬೇಕಿದ್ದರೆ ಇಪ್ರಾಟ್ರೋಪಿಯಂ ಅನ್ನುವ ಬೇರೆ ಸ್ಪ್ರೇ ಇದೆ ಅಂದರು, ಅವರು ಟವೆಲ್ಲೇ ಸಾಕು ಅಂದರು. ಆದರೆ ಒಂದು ದೊಡ್ಡ ಉಪಕಾರ ಆಯಿತು. ಅವರಿಗೆ ಬಿಪಿ ಇದೆ. ನಾವು ಕೊಡುತ್ತಿದ್ದ ನೆಗಡಿ ಮಾತ್ರೆಯಲ್ಲಿ ಮೂಗು ಬಿಡಿಸಲು ಫಿನೈಲ್‌ಎಫ್ರಿನ್ ಸೇರಿಸಿರುತ್ತಾರೆ, ಅದು ಬಿಪಿ ಏರಿಸಬಹುದು. ಅವತ್ತಿಂದ ಆ ಮಾತ್ರೆ ನಮ್ಮ ಮನೆಗೆ ಬರುವುದಿಲ್ಲ.

ತಂಗಿ ಏಳನೇ ತಿಂಗಳಿಗೆ ತವರಿಗೆ ಬಂದಿದ್ದಳು. ರಾತ್ರಿಯೆಲ್ಲ ಮೂಗು ಬಂದ್. ಬಸುರಿಯಲ್ಲಿ ಮೂಗಿನ ಪೊರೆ ಊದುವುದು ಕೆಲವರಿಗೆ ಇದೆ, ಹೆರಿಗೆಯಾಗಿ ಎರಡು ವಾರದೊಳಗೆ ತಾನೇ ಹೋಗುತ್ತದೆ ಅಂತ ಅವಳ ಡಾಕ್ಟರು ಧೈರ್ಯ ಹೇಳಿದರು. ತಲೆ ಕಡೆ ಎತ್ತರ ಮಾಡಿಕೊಂಡು ಮಲಗುವುದು, ಉಪ್ಪುನೀರು ಅಷ್ಟೇ. ಹಾಗೇ ಆಯಿತು. ಮಗುವಿಗೆ ನಾಮಕರಣ ಮಾಡುವ ಹೊತ್ತಿಗೆ ಅವಳ ಮೂಗು ಆರಾಮಾಗಿತ್ತು.

ಎಲ್ಲಕ್ಕಿಂತ ಕಷ್ಟಪಟ್ಟವರು ನಮ್ಮ ಲೈಬ್ರರಿಯ ಹಿರಿಯ ಸಹೋದ್ಯೋಗಿ. ಅವರ ಜೇಬಲ್ಲಿ ಯಾವಾಗಲೂ ಝೈಲೋಮೆಟಾಝೋಲಿನ್ ಡ್ರಾಪ್ಸ್ ಇರುತ್ತಿತ್ತು. ಹಾಕಿದ ಎರಡೇ ನಿಮಿಷಕ್ಕೆ ಮೂಗು ತೆರೆಯುತ್ತದೆ, ಹಾಗಾಗಿ ಬಿಡಲು ಮನಸ್ಸು ಬರುವುದಿಲ್ಲ. ರಕ್ತನಾಳ ಕುಗ್ಗಿಸಿ ಕೆಲಸ ಮಾಡುವ ಔಷಧಿ ಅದು. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಪರಿಣಾಮ ಇಳಿದ ಮೇಲೆ ನಾಳಗಳು ಮೊದಲಿಗಿಂತ ಹೆಚ್ಚು ಉಬ್ಬುತ್ತವೆ, ಮತ್ತೆ ಹನಿ ಬೇಕು ಅನ್ನಿಸುತ್ತದೆ. ಕೊನೆಗೆ ಔಷಧಿಯೇ ಕಾಯಿಲೆ ಆಗುತ್ತದೆ. ನಾನೇ ಒತ್ತಾಯ ಮಾಡಿ ನಮ್ಮ ಡಾಕ್ಟರ ಹತ್ತಿರ ಕಳಿಸಿದೆ. ಸ್ಟಿರಾಯ್ಡ್ ಸ್ಪ್ರೇ ಶುರುಮಾಡಿಸಿ, ಡ್ರಾಪ್ಸನ್ನು ಮೊದಲು ಒಂದೇ ಹೊಳ್ಳೆಗೆ ನಿಲ್ಲಿಸಿ, ಅದು ಸರಿಯಾದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿದರು. ಮೊದಲ ವಾರ ಅವರು ರಾತ್ರಿ ಕೂತೇ ನಿದ್ದೆ ಮಾಡಿದರಂತೆ. ಈಗ ಜೇಬಲ್ಲಿ ಬಾಟಲಿ ಇಲ್ಲ.

ಡಾಕ್ಟರು ಹೇಳಿದ ಕೆಲವು ಲಕ್ಷಣಗಳಿಗೆ ಸ್ಪ್ರೇ ಹಾಕುತ್ತಾ ಕಾಯಬಾರದು. ಒಂದೇ ಕಡೆ ಮೂಗು ಕಟ್ಟುವುದು, ಮತ್ತೆ ಮತ್ತೆ ರಕ್ತ, ಮುಖ ನೋವು, ದೃಷ್ಟಿಯಲ್ಲಿ ವ್ಯತ್ಯಾಸ. ಮಗುವಿನ ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬಂದರೆ ಒಳಗೆ ಕಡಲೆಕಾಳೋ ಮಣಿಯೋ ಸಿಕ್ಕಿಕೊಂಡಿರಬಹುದು. ಮೂಗಿನಲ್ಲಿ ದಪ್ಪ ಹಕ್ಕಳೆ, ಪಕ್ಕದವರಿಗೆ ಕೆಟ್ಟ ವಾಸನೆ, ತನಗೆ ಮಾತ್ರ ಗೊತ್ತಾಗದಿರುವುದು ಇದ್ದರೆ ಅದು ಪೊರೆ ಸವೆದು ಹೋಗುವ ಇನ್ನೊಂದು ಬಗೆ, ಅದರ ಚಿಕಿತ್ಸೆ ಪೂರ್ತಿ ಬೇರೆ.

ನನ್ನ ಸ್ಪ್ರೇ ಪ್ರಮಾಣ ಈಗ ಅರ್ಧಕ್ಕೆ ಇಳಿದಿದೆ. ಮುಂದಿನ ಹಂತ ಇಮ್ಯುನೋಥೆರಪಿ. ನುಸಿಯ ಸಾರವನ್ನೇ ಸ್ವಲ್ಪ ಸ್ವಲ್ಪವಾಗಿ, ಇಂಜೆಕ್ಷನ್ನಾಗಿಯೋ ನಾಲಿಗೆ ಕೆಳಗೆ ಹನಿಯಾಗಿಯೋ ಕೊಟ್ಟು ಮೈಯನ್ನು ಒಗ್ಗಿಸುವುದು. 1911ರಲ್ಲಿ ಲಂಡನ್ನಿನಲ್ಲಿ ಲೆನರ್ಡ್ ನೂನ್ ಹುಲ್ಲಿನ ಪರಾಗದಿಂದ ಶುರುಮಾಡಿದ ದಾರಿ ಇದು. ಮೂರರಿಂದ ಐದು ವರ್ಷ ಬಿಡದೆ ಮಾಡಬೇಕು, ಖರ್ಚೂ ಇದೆ. ಆದರೆ ಲಕ್ಷಣ ಅದುಮಿ ಇಡುವುದಷ್ಟೇ ಅಲ್ಲದೆ ಅಲರ್ಜಿಯ ಬೇರಿಗೇ ಕೈಹಾಕುವ ಚಿಕಿತ್ಸೆ ಇದೊಂದೇ ಅಂತ ಡಾಕ್ಟರು ಹೇಳಿದ ಮೇಲೆ ನಾನು ಒಪ್ಪಿಕೊಂಡಿದ್ದೇನೆ. ಮಳೆಗಾಲ ಶುರುವಾಗುವ ಮುಂಚೆ ಮೊದಲ ಇಂಜೆಕ್ಷನ್. ಕೊಟ್ಟ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂರಬೇಕಂತೆ, ಹಾಗಾಗಿ ಶನಿವಾರ ಮಧ್ಯಾಹ್ನಕ್ಕೆ ಹೆಸರು ಬರೆಸಿ ಬಂದಿದ್ದೇನೆ.